ಗಿರಣಿ ಸಾವ್ಕಾರರ ಉಪವಾಸದ ಮಗಳು

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಾನು ನೌಕರಿಯುದ್ದಕ್ಕೂ ಶಾಲೆಯ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಹೇಳುವಾಗಲೆಲ್ಲ ಒಳಗೊಳಗೇ ನಗು ಬರುತ್ತಿತ್ತು. ಏಕೆಂದರೆ ಉಣ್ಣುವುದು ಹೇಗೆಂಬುದನ್ನೇ ಮರೆತು ಸಾಯಲು ಹೊರಟಿದ್ದವಳು ನಾನು. ಅದೂ ಎಂಥ ಮನೆಯಲ್ಲಿ ಅಂತೀರಿ? ಖಾನಾಪುರದಲ್ಲಿ ನಮ್ಮಪ್ಪನದು ಅಕ್ಕಿ ಗಿರಣಿ. ಸುತ್ತಲ ಹಳ್ಳಿಗಳ ಭತ್ತ ನಮ್ಮ ಅಂಗಳಕ್ಕೆ ಬಂದು ಅಕ್ಕಿಯಾಗಿ ಹೋಗುತ್ತಿತ್ತು. ಕಿಟಕಿಯ ಸರಳಿನ ಮೇಲೆ, ದೇವರ ಜಗಲಿಯ ಮೇಲೆ, ಕಡೆಗೆ ಅಪ್ಪನ ಹುಬ್ಬಿನ ಮೇಲೂ ತೌಡಿನ ಧೂಳು. ಅಂಥ ಮನೆಯ ಮಗಳು ಅನ್ನ ಕಂಡರೆ ಅಂಜಿ ಒಣಗಿದಳು ಎಂದರೆ ಈಗಿನವರು ಮೊಬೈಲಿನಲ್ಲಿ ಹುಡುಕಿ ಅದಕ್ಕೊಂದು ಹೆಸರು ಹೇಳುತ್ತಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಓಣಿಯವರು ಅದಕ್ಕೆ ಭಕ್ತಿ ಎಂದು ಕರೆದರು.

ಕಳೆದ ಶ್ರಾವಣದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ‘ಅಕ್ಕೋರ, ಈಕಿ ಏನೂ ಉಣವೊಲ್ಲಳ್ರಿ’ ಎಂದು ಕಣ್ಣೀರು ಹಾಕಿದಳು. ಹುಡುಗಿ ತಲೆ ತಗ್ಗಿಸಿ, ದುಪಟ್ಟಾದಿಂದ ಮೊಣಕೈ ಮುಚ್ಚಿಕೊಂಡು ಕೂತಿತ್ತು. ಆ ಮುಚ್ಚಿಕೊಳ್ಳುವ ರೀತಿ ನನಗೆ ಚೆನ್ನಾಗಿ ಗೊತ್ತು. ಆ ಮಧ್ಯಾಹ್ನ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಅವಳು ನಡುನಡುವೆ ನಕ್ಕಳು. ನೀವೂ ನಗಬಹುದು, ನನಗೇನೂ ಬೇಸರವಿಲ್ಲ.

ನಾನು ಬೆಳಗಾವಿಯಲ್ಲಿ ಕಾಲೇಜು ಕಲಿಯುತ್ತಿದ್ದೆ. ಬೆಳಿಗ್ಗೆ ಖಾನಾಪುರದಿಂದ ರೈಲಿಗೆ ಹೋಗಿ ಸಂಜೆ ರೈಲಿಗೇ ಮರಳುವುದು. ಆಗ ನಾನು ಗುಂಡಗುಂಡಗೆ, ಕೆಂಪಗೆ, ಯಾರ ಬುತ್ತಿ ಬಿಚ್ಚಿದರೂ ಕೈ ಹಾಕುವ ಹುಡುಗಿ. ಎರಡನೆಯ ವರ್ಷದ ಗ್ಯಾದರಿಂಗಿಗೆ ನಾಟಕವಿತ್ತು. ನಾಯಕಿಯ ಪಾತ್ರ ನನಗೇ ಎಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ. ಪೇಟೆಯಲ್ಲಿ ನಿಜವಾದ ಮಂಡಿಗೆ ಸಿಗುವ ಊರಿನಲ್ಲಿ ನನಗೆ ಆ ಬುದ್ಧಿ ಯಾಕೆ ಬಂತೋ! ನಾಟಕ ಕಲಿಸುವ ಸರ್ ಎಲ್ಲರ ಎದುರಿಗೆ, ನೀಲಾಗೆ ಅತ್ತೆಯ ಪಾರ್ಟು ಕೊಡೋಣ, ಹೊಟ್ಟೆಗೆ ತಲೆದಿಂಬು ಕಟ್ಟುವ ಕೆಲಸ ತಪ್ಪಿತು ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ನಾಟಕದ ದಿನ ನಾನು ರಂಗದ ಮೇಲೆ ಕಾಲಿಟ್ಟರೆ ಸಾಕು, ಸಿಳ್ಳೆ. ಮಾರನೆಯ ದಿನದಿಂದ ರೈಲಿನ ಹೆಂಗಸರ ಡಬ್ಬಿಯಲ್ಲಿ ನನ್ನ ಹೆಸರು ‘ಅತ್ತೀಬಾಯಿ’ ಎಂದೇ ಆಯಿತು. ಯಾರೂ ಕೆಟ್ಟ ಮನಸ್ಸಿನಿಂದ ಹಾಗೆ ಕರೆಯಲಿಲ್ಲ. ಆದರೂ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೆ ಬಂದೀತೇ? ನನಗೆ ಬಹಳ ನೋವಾಗಿತ್ತು, ಅದನ್ನು ಯಾರಿಗೂ ಹೇಳಲಿಲ್ಲ.

ಆ ಸೋಮವಾರ ಒಪ್ಪತ್ತು ಹಿಡಿದೆ. ಒಂದೇ ಹೊತ್ತು ಊಟ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಗಂಡ ತೀರಿದಂದಿನಿಂದ ಸೋಮವಾರ ತಪ್ಪಿಸಿದವಳಲ್ಲ. ಮೊಮ್ಮಗಳು ಜೊತೆಗೆ ಬಂದಳೆಂದು ಅವಳಿಗೆ ಹಿಗ್ಗೋ ಹಿಗ್ಗು. ಕಾಲೇಜಿಗೆ ಹೋಗುವ ಹುಡುಗಿಯರು ಸಿನಿಮಾ ಹುಚ್ಚಿಗೆ ಬೀಳುತ್ತಾರೆ, ನಮ್ಮವಳು ನೋಡು ಎಂದು ಅವ್ವ ಬಾಜೂ ಮನೆಯ ಗಂಗಕ್ಕನಿಗೆ ಹೇಳಿದಳು. ಗಂಗಕ್ಕನಿಗೆ ಹೇಳಿದರೆ ಊರಿಗೆ ಡಂಗುರ ಹೊಡೆಸಿದ ಹಾಗೆ. ಸೋಮವಾರದ ಬೆನ್ನಿಗೆ ಗುರುವಾರ ಬಂತು, ಅಮಾವಾಸ್ಯೆ ಬಂತು. ಆಮೇಲೆ ಒಪ್ಪತ್ತು ಹೋಗಿ ಬರೀ ಹಾಲು, ಹಾಲು ಹೋಗಿ ನಿಂಬೆಹಣ್ಣಿನ ನೀರು. ಹೊಟ್ಟೆ ಕೂಗುತ್ತಿತ್ತು. ಅದು ಕೂಗಿದಷ್ಟೂ ನಾನು ಯಾರನ್ನೋ ಕುಸ್ತಿಯಲ್ಲಿ ಕೆಡವಿದಂತೆ ಒಳಗೆ ಗೆಲುವು. ಆ ಗೆಲುವಿನ ರುಚಿ ಹತ್ತಿತು ನೋಡಿ, ಬೇರೆ ಯಾವ ರುಚಿಯೂ ಬೇಡವಾಯಿತು.

ಉಳಿದ ದಿನ ಉಣ್ಣದೇ ಇರುವುದು ನಮ್ಮ ಮನೆಯಲ್ಲಿ ಇನ್ನೂ ಸುಲಭ. ಮೊದಲು ಅಪ್ಪ, ಅಣ್ಣ ಉಂಡು ಗಿರಣಿಗೆ ಹೋಗುತ್ತಿದ್ದರು. ಆಮೇಲೆ ಆಯಿ. ಅವಳು ಎದ್ದ ಮೇಲೆ ಅವ್ವ, ಅಣ್ಣನ ಹೆಂಡತಿ ವೈನಿ, ನಾನು ಅಡುಗೆಮನೆಯಲ್ಲಿ ಒಬ್ಬೊಬ್ಬರಾಗಿ, ಕೆಲಸದ ಮಧ್ಯೆ, ಗೋಡೆಗೆ ಮುಖ ಮಾಡಿ ಉಳಿದದ್ದನ್ನು ಉಣ್ಣುವುದು. ಹೆಣ್ಣುಮಕ್ಕಳು ಏನು ಉಂಡರು, ಎಷ್ಟು ಉಂಡರು ಎಂದು ಯಾರೂ ನೋಡುತ್ತಿರಲಿಲ್ಲ, ನೋಡುವುದು ಚಂದವೂ ಅಲ್ಲ. ಕಾಲೇಜಿನಲ್ಲಿ ಉಂಡೆ ಎಂದು ಮನೆಯಲ್ಲಿ, ಮನೆಯಲ್ಲಿ ಉಂಡೆ ಎಂದು ಕಾಲೇಜಿನಲ್ಲಿ ಹೇಳಿದರೆ ಮುಗಿಯಿತು. ನನ್ನ ಪಾಲಿನ ರೊಟ್ಟಿ ಹಿತ್ತಿಲ ಎಮ್ಮೆಗೆ ಹೋಗುತ್ತಿತ್ತು. ಆ ವರ್ಷ ನಮ್ಮ ಎಮ್ಮೆ ಮೈತುಂಬಿಕೊಂಡು ಕೊಡ ತುಂಬ ಹಾಲು ಕೊಟ್ಟಿತು, ಅದಕ್ಕೂ ನನ್ನ ವ್ರತವೇ ಕಾರಣ ಎಂದು ಆಯಿ ನಂಬಿದಳು. ಸುಳ್ಳೇನೂ ಅಲ್ಲವಲ್ಲ!

ಬೆಳಗಾವಿ ನಿಲ್ದಾಣದಲ್ಲಿ ನಾಣ್ಯ ಹಾಕಿದರೆ ತೂಕ ಹೇಳುವ ಯಂತ್ರವಿತ್ತು. ಬಣ್ಣಬಣ್ಣದ ದೀಪ ಗಿರಗಿರ ತಿರುಗಿ ಒಂದು ಚೀಟಿ ಬೀಳುತ್ತಿತ್ತು, ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ. ತೂಕ ಇಳಿಯುತ್ತಲೇ ಇತ್ತು, ಭವಿಷ್ಯ ಮಾತ್ರ ಪ್ರತಿ ಸಲವೂ ನನಗೆ ಧನಲಾಭ ಎನ್ನುತ್ತಿತ್ತು. ಬಳೆ ಮೊಣಕೈವರೆಗೆ ಜಾರಿದವು. ಜಡೆ ಇಲಿಬಾಲವಾಯಿತು. ಖಾನಾಪುರದ ಮಳೆ ಎಲುಬಿಗೇ ಇಳಿದಂತಾಗಿ ಬಿಸಿಲು ಬಿದ್ದ ದಿನವೂ ನಾನು ಅಣ್ಣನ ಸ್ವೆಟರು ಹಾಕಿಕೊಂಡು ತಿರುಗಿದೆ. ರೈಲಿನ ಹಲಗೆಯ ಮೇಲೆ ಕೂತರೆ ಮೂಳೆ ಒತ್ತುತ್ತಿತ್ತು, ಅದಕ್ಕೇ ನಿಂತೇ ಹೋಗುತ್ತಿದ್ದೆ. ಇಷ್ಟಾದರೂ ಕನ್ನಡಿಯಲ್ಲಿ ನನಗೆ ಕಾಣುತ್ತಿದ್ದವಳು ಅದೇ ತಲೆದಿಂಬು ಬೇಡದ ಅತ್ತೀಬಾಯಿ. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ನನ್ನ ಕಣ್ಣೇ ನನಗೆ ಸುಳ್ಳು ಹೇಳುತ್ತಿತ್ತು.

ಮುಟ್ಟೂ ನಿಂತಿತು. ಅದು ಅವ್ವನಿಗೆ ತಿಳಿಯದ್ದಕ್ಕೆ ಕಾರಣವಿದೆ. ಬಸವಣ್ಣನವರ ದಾರಿ ಹಿಡಿದ ನಮ್ಮ ಮನೆಯಲ್ಲಿ ಆ ಸೂತಕವಿಲ್ಲ, ಹೊರಗೆ ಕೂರುವ ಪದ್ಧತಿಯಿಲ್ಲ. ಬಹಳ ಒಳ್ಳೆಯ ಪದ್ಧತಿ, ಇವತ್ತಿಗೂ ಅದಕ್ಕೆ ಕೈಮುಗಿಯುತ್ತೇನೆ. ಆದರೆ ಬಾಜೂಕಿನ ಬೇರೆ ಮನೆಗಳ ಹಾಗೆ ಹೊರಗೆ ಕೂರಿಸುವವರಾಗಿದ್ದರೆ ಎರಡನೆಯ ತಿಂಗಳಿಗೇ ಯಾಕೆಂದು ಕೇಳುತ್ತಿದ್ದರು. ನಮ್ಮಲ್ಲಿ ಕೇಳುವವರಿರಲಿಲ್ಲ.

ಅಷ್ಟರಲ್ಲಿ ನಾನು ಓಣಿಗೆ ಸಣ್ಣ ಶರಣೆಯಾಗಿದ್ದೆ. ಸೀಮಂತದವರು ಮೊದಲ ಉಡಿ ನನ್ನ ಕೈಯಿಂದ ತುಂಬಿಸತೊಡಗಿದರು. ಯಾರೋ ಜ್ವರದ ಕೂಸನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದು ನನ್ನ ಪಾಲಿಗೆ ಅಕ್ಷರಶಃ ನಿಜವಾಗಿತ್ತು, ಸೋಮವಾರ ಬಂತೆಂದರೆ ಯಾರಾದರೊಬ್ಬರು ಮಾಲೆ ತಂದು ಮುಡಿಸುತ್ತಿದ್ದರು. ನಿಜ ಹೇಳಲೇ? ನನಗೆ ಅದು ಸೇರುತ್ತಿತ್ತು. ಸಿಳ್ಳೆಗಿಂತ ಕೈಮುಗಿಸಿಕೊಳ್ಳುವುದು ಎಷ್ಟೋ ಚಲೋ ಅಲ್ಲವೇ?

ಶ್ರಾವಣದ ಕೊನೆಯ ಸೋಮವಾರ ಪಾರಿಶ್ವಾಡದಿಂದ ಸೋದರತ್ತೆ ಬಂದಳು. ಭಾರೀ ಹೆಂಗಸು, ಅಪ್ಪನ ಅಕ್ಕ. ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಕೂಡಿದ್ದರು. ಪೂಜೆ ಮುಗಿದ ಮೇಲೆ ಅತ್ತೆ, ‘ನನ್ನ ತವರಿನಾಗ ಶರಣಿ ಹುಟ್ಯಾಳ’ ಎಂದು ನನ್ನ ಕಾಲಿಗೇ ಬಾಗಿದಳು. ದೊಡ್ಡವರು ಹೀಗೆ ಬಾಗುವುದೇ ಎಂದು ನಾನು ಗಾಬರಿಯಾಗಿ ಹಿಂದೆ ಸರಿಯಹೋದೆ. ಕಣ್ಣಿಗೆ ಕತ್ತಲೆ ಬಂತು. ಅತ್ತೆಯ ಬೆನ್ನಿನ ಮೇಲೇ ಬಿದ್ದೆನಂತೆ.

ಮುಂದಿನದು ವೈನಿ ಹೇಳಿದ್ದು. ಗಂಗಕ್ಕ ಮೈಮೇಲೆ ದೇವರು ಬಂತೆಂದಳು. ಕರ್ಪೂರ ಹಚ್ಚಿದರು. ಎಚ್ಚರ ತಪ್ಪಿ ಬಿದ್ದವಳಿಗೆ ಆರತಿ ಬೆಳಗಿ, ಯಾವ ದೇವರು, ಏನು ಬೇಕು ಎಂದು ಕೇಳತೊಡಗಿದರು. ಒಬ್ಬಳು ತನ್ನ ಮಗನ ನೌಕರಿಯ ವಿಷಯವನ್ನೂ ಕೇಳಿದಳಂತೆ! ಒಳಗೆ ರೊಟ್ಟಿ ಬಡಿಯುತ್ತಿದ್ದ ವೈನಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಮ್ಮ ಶಾಂತಾ ವೈನಿ ಬೀಡಿ ಎಂಬ ಹಳ್ಳಿಯ ರೈತರ ಮನೆಯ ಮಗಳು, ಮದುವೆಯಾಗಿ ಬಂದಂದಿನಿಂದ ಹಿರಿಯರ ಎದುರಿಗೆ ದನಿ ಎತ್ತಿದವಳಲ್ಲ.

“ಯಾವ ದೇವರೂ ಬಂದಿಲ್ಲ,” ಎಂದಳು. “ಹುಡುಗಿ ಹೊಟ್ಟ್ಯಾಗ ಕೂಳಿಲ್ಲ. ಆ ಕರ್ಪೂರ ಆರಿಸ್ರಿ, ನೀರ ತರ್ರಿ.”

ಅವತ್ತೇ ಅವಳು ಅವ್ವನಿಗೆ ಎಲ್ಲ ಹೇಳಿದಳು. ಎಮ್ಮೆಯ ವಿಷಯ, ಮುಟ್ಟಿನ ವಿಷಯ. ಹಿತ್ತಿಲಲ್ಲಿ ಬಟ್ಟೆ ಒಣಹಾಕುವವಳು ಅವಳೇ, ಅವಳಿಗೆ ಅನುಮಾನ ಬಂದಿತ್ತು. ಹೇಳಿದರೆ ಶರಣೆಯ ಮೇಲೆ ಹೊಟ್ಟೆಕಿಚ್ಚು ಎಂದಾರೆಂದು ಬಾಯಿ ಮುಚ್ಚಿಕೊಂಡಿದ್ದಳಂತೆ.

ಮುಂದೆ ದವಾಖಾನೆಗಳ ಸುತ್ತಾಟ. ಊರಿನ ಡಾಕ್ಟರರು ಕೆಂಪು ಟಾನಿಕ್ಕು ಕೊಟ್ಟರು. ಬೆಳಗಾವಿಯಲ್ಲಿ ಒಬ್ಬರು ಕ್ಷಯವೆಂದು ಎದೆಯ ಫೋಟೊ ತೆಗೆಸಿದರು, ಅದರಲ್ಲಿ ಪಕ್ಕೆಲುಬು ಬಿಟ್ಟರೆ ಏನೂ ಕಾಣಲಿಲ್ಲ. ಇನ್ನೊಬ್ಬರು ಜಂತುಹುಳಕ್ಕೆ ಔಷಧ ಕೊಟ್ಟರು. ಮತ್ತೊಬ್ಬರು ಮದುವೆ ಮಾಡಿದರೆ ತಾನೇ ಸರಿಹೋಗುತ್ತದೆ ಎಂದು ನನ್ನ ಕಡೆ ನೋಡದೆ ಅಪ್ಪನಿಗೆ ಹೇಳಿದರು. ಈ ನಡುವೆ ಅವ್ವನ ಎದೆಯಲ್ಲಿ ಬೇರೆಯೇ ಭಯ ಕೂತಿತ್ತು. ಒಂದು ದಿನ ಬಚ್ಚಲುಮನೆಯ ಬಾಗಿಲಲ್ಲಿ ನನ್ನ ಕೈ ಹಿಡಿದು, ಕಾಲೇಜಿನಲ್ಲಿ ಏನಾದರೂ ತಪ್ಪು ಮಾಡಿಕೊಂಡೆಯಾ ಎಂದು ಕೇಳಿದಳು. ಇಲ್ಲ ಎಂದೆ. ಅವಳು ನಂಬಲಿಲ್ಲ. ಅವಳ ಆ ಮುಖ ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಡೆಗೆ ವೈನಿಯೇ ಹಟ ಹಿಡಿದು ಬೆಳಗಾವಿಯ ಒಬ್ಬ ಡಾಕ್ಟರಬಾಯಿಯ ಹತ್ತಿರ ಕರೆದೊಯ್ಯುವಂತೆ ಮಾಡಿದಳು. ಹೆರಿಗೆಯ ದವಾಖಾನೆ ಅದು. ಕಾಯುವ ಕೋಣೆಯ ಗೋಡೆಯ ಮೇಲೆ ಗುಂಡುಗುಂಡಾದ ಕೂಸುಗಳ ಚಿತ್ರ. ಬೆಂಚಿನ ತುಂಬ ಬಸುರಿಯರು, ಅವರ ನಡುವೆ ಕಡ್ಡಿಯಂಥ ನಾನು, ತಲೆಯ ಮೇಲಿನ ಸೆರಗು ಮುಖದವರೆಗೆ ಎಳೆದುಕೊಂಡ ಅವ್ವ, ಹೊರಗೆ ಬಾಗಿಲಲ್ಲಿ ನಿಂತ ಅಪ್ಪ. ಬಾಜೂಕ ಕೂತಿದ್ದ ಬಸುರಿ ಹಿಂಡಲಗಾದವಳು, ಗಂಡ ಅಲ್ಲಿಯ ಜೈಲಿನಲ್ಲಿ ಪೊಲೀಸ. ಚುರುಮುರಿಯ ಪೊಟ್ಟಣ ನನ್ನ ಮುಂದೆ ಹಿಡಿದಳು. ಬೇಡ ಎಂದೆ. ನನಗೇನಾಗಿದೆ ಎಂದು ಕೇಳಿದಳು. ಅವ್ವ ಮೆಲ್ಲಗೆ, ಉಣ್ಣುವುದಿಲ್ಲ ಎಂದಳು. ಜೈಲಿನಲ್ಲಿ ಹಟ ಹಿಡಿದು ಉಪವಾಸ ಕೂತವರಿಗೂ ಮೂಗಿನಲ್ಲಿ ನಳಿಗೆ ಇಳಿಸಿ ಗಂಜಿ ಬಿಡುತ್ತಾರೆ, ಕಳ್ಳರೇ ಸಾಯುವಂತಿಲ್ಲ ಎಂದ ಮೇಲೆ ನಿನಗೇನು ಧಾಡಿ ಎಂದು ಆಕೆ ಸಮಾಧಾನ ಹೇಳಿದಳು. ಸಮಾಧಾನ ನೋಡಿ! ಅಷ್ಟು ತಿಂಗಳಲ್ಲಿ ಮೊದಲ ಸಲ ನನಗೆ ನಗು ಬಂತು. ಆಕೆ ಒಂದು ಶೇಂಗಾಕಾಳು ಆರಿಸಿ ನನ್ನ ಕೈಯಲ್ಲಿಟ್ಟು ಬೆರಳು ಮಡಚಿದಳು. ತಿನ್ನಲಿಲ್ಲ, ಎಸೆಯಲೂ ಇಲ್ಲ.

ಡಾಕ್ಟರಬಾಯಿ ಮರಾಠಿ ಮನೆಮಾತಿನ ಗಿಡ್ಡ ಹೆಂಗಸು. ಎಲ್ಲರನ್ನೂ ಹೊರಗೆ ಕಳಿಸಿ, ನಾಡಿ ನೋಡಿ, ನನ್ನ ಕೈಮೇಲೆ ಬೆಳೆದಿದ್ದ ನವಿರು ಕೂದಲನ್ನು ಸವರಿ, ಕನ್ನಡಿಯಲ್ಲಿ ಯಾರು ಕಾಣುತ್ತಾರೆ ಎಂದು ಕೇಳಿದರು. ಈ ಪ್ರಶ್ನೆಯನ್ನು ಇನ್ಯಾರೂ ಕೇಳಿರಲಿಲ್ಲ. ದಪ್ಪ ಹುಡುಗಿ ಎಂದೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ತಾವು ಕಲಿಯುವಾಗ ಪುಣೆಯಲ್ಲಿ ಇಂಥ ಇನ್ನೊಬ್ಬ ಹುಡುಗಿಯನ್ನು ನೋಡಿದ್ದಾಗಿ ಹೇಳಿದರು. ನನ್ನಂಥವಳು ಇನ್ನೊಬ್ಬಳು ಇದ್ದಳು! ನಾನು ಜೋರಾಗಿ ಅತ್ತೆ. ಆಕೆ ಏನಾದಳು ಎಂದು ಕೇಳಿದೆ. ಬದುಕಲಿಲ್ಲ ಎಂದರು, ಮುಚ್ಚಿಡಲಿಲ್ಲ.

ಆಮೇಲೆ ಅಪ್ಪ, ಅವ್ವನನ್ನು ಒಳಗೆ ಕರೆದರು. ಹುಡುಗಿ ಬಸುರಿಯಲ್ಲ, ಯಾವ ತಪ್ಪೂ ಮಾಡಿಲ್ಲ ಎಂಬುದನ್ನು ಮೊದಲು ಹೇಳಿದರು. ಅವ್ವ ಅಲ್ಲಿಯೇ ನೆಲಕ್ಕೆ ಕೂತು ದೇವರಿಗೆ ಕೈಮುಗಿದಳು. ಮುಂದೆ ಹೇಳಿದ ರೋಗದ ಹೆಸರು ಉದ್ದದ ಇಂಗ್ಲಿಷಿನದು. ಅವ್ವ ಅದನ್ನು ಶುಭವಾರ್ತೆಯೆಂಬಂತೆ ಕೇಳಿ, ‘ಇಷ್ಟ ಏನ್ರಿ?’ ಎಂದಳು. ಇಷ್ಟಲ್ಲ, ಬಹಳ ಇದೆ ಎಂದರು ಡಾಕ್ಟರಬಾಯಿ. ಎದೆಬಡಿತ ಬಹಳ ನಿಧಾನವಾಗಿದೆ, ಹೀಗೇ ಬಿಟ್ಟರೆ ಒಂದು ದಿನ ನಿಂತೇ ಹೋಗುತ್ತದೆ. ಮುಂದಿನ ತಿಂಗಳೊಳಗೆ ತೂಕ ಏರದಿದ್ದರೆ ನಳಿಗೆ ಹಾಕುವುದು, ಅದಕ್ಕೂ ಬಗ್ಗದಿದ್ದರೆ ತಮ್ಮ ಕೈಯಲ್ಲಿ ಏನೂ ಇಲ್ಲ. ಅಪ್ಪ ಎಂಥ ಔಷಧವಾದರೂ ಬರೆಯಿರಿ, ಮುಂಬಯಿಯಿಂದಲಾದರೂ ತರಿಸುತ್ತೇನೆ ಎಂದ.

“ಔಷಧ ಇರಲಿ,” ಎಂದರು ಆಕೆ. “ಸಾವ್ಕಾರ್ರ, ನಿಮ್ಮ ಮಗಳು ಉಣ್ಣೂದು ಕಡೀಕ ಯಾವಾಗ ನೋಡೀರಿ?”

ಅಪ್ಪ ಭತ್ತದ ಒಂದು ಕಾಳು ಬಾಯಿಗೆ ಹಾಕಿಕೊಂಡು ಯಾವ ಹೊಲದ್ದೆಂದು ಹೇಳುವ ಮನುಷ್ಯ. “ನೋಡಿಲ್ರಿ. ನಾವು ಗಂಡಸರು ಮೊದಲ ಉಂಡು ಏಳತೀವ್ರಿ,” ಎಂದ.

ಆಕೆ ಬರೆದ ಔಷಧ ಅದೇ. ಇಂದಿನಿಂದ ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಕೂರಬೇಕು. ನೀಲಾ ಅಪ್ಪನ ಬಾಜೂಕ ಕೂರಬೇಕು. ಅವಳು ಉಂಡು ಮುಗಿಸುವವರೆಗೆ ಒಬ್ಬರೂ ಏಳಬಾರದು. ದಪ್ಪ, ತೆಳ್ಳಗೆ ಎಂಬ ಮಾತು ಆ ಪಂಕ್ತಿಯಲ್ಲಿ ಬರಬಾರದು. ಉಪವಾಸ ಯಾರದೂ ಇಲ್ಲ. ವಾರಕ್ಕೊಮ್ಮೆ ಬಂದು ತೂಕ ತೋರಿಸಬೇಕು.

ಮೊದಲ ದಿನದ ಆ ಪಂಕ್ತಿಯನ್ನು ನೀವು ನೋಡಬೇಕಿತ್ತು. ಪಡಸಾಲೆಯಲ್ಲಿ ಉದ್ದಕ್ಕೆ ಚಾಪೆ. ಅವ್ವ ಲಗ್ನದ ದಿನ ಬಿಟ್ಟರೆ ಅಪ್ಪನ ಜೊತೆಗೆ ಕೂತು ಉಂಡವಳೇ ಅಲ್ಲ, ನಾಚಿಕೆಯಿಂದ ಗೋಡೆಯ ಕಡೆ ತಿರುಗಿಬಿಟ್ಟಳು. ಎಲ್ಲರೂ ಕೂತರೆ ಬಡಿಸುವವರು ಯಾರು? ಪಾತ್ರೆಗಳನ್ನೆಲ್ಲ ನಡುವೆ ಇಟ್ಟುಕೊಂಡೆವು. ಅಪ್ಪ ಸೌಟು ಹಿಡಿದ. ಯಾವ ಪಾತ್ರೆಯಲ್ಲಿ ಏನಿದೆಯೆಂದು ಅವನಿಗೆ ಗೊತ್ತಿಲ್ಲ. ಉಪ್ಪಿನಕಾಯಿಯನ್ನು ಪಲ್ಯವೆಂದುಕೊಂಡು ಅಣ್ಣನ ತಾಟಿಗೆ ಒಂದು ಸೌಟು ಸುರಿದ. ಅಣ್ಣ ಅಂಜಿಕೊಂಡು ಅದನ್ನೇ ರೊಟ್ಟಿಗೆ ಹಚ್ಚಿ ಉಂಡ. ವೈನಿಗೆ ನಗು ತಡೆಯಲಾಗದೆ ಬಿಕ್ಕಳಿಕೆ ಹತ್ತಿತು. ಆಯಿ ಮಾತ್ರ ಮುಖ ಗಂಟು ಹಾಕಿ ಕೂತಿದ್ದಳು, ಏಕೆಂದರೆ ಅದು ಸೋಮವಾರ. ಆಕೆ ಮುಟ್ಟದಿದ್ದರೆ ನಾನೂ ಮುಟ್ಟುವುದಿಲ್ಲ ಎಂದು ನನಗೆ ನೆವ ಸಿಕ್ಕಿತು. ಎಲ್ಲರೂ ಆಯಿಯನ್ನೇ ನೋಡಿದರು. ಅವಳು ಅಂಗೈಯಲ್ಲಿ ಲಿಂಗ ಹಿಡಿದು ಏನೋ ಗುಣುಗುಣು ಅಂದುಕೊಂಡು, ರೊಟ್ಟಿ ಮುರಿದಳು.

“ಶಿವಗ ನಾ ಹೇಳಿನಿ,” ಎಂದಳು. “ನನ್ನ ಸೋಮವಾರ ತೊಗೊಂಡು ನಿನ್ನ ಉಳಸಿಕೊಡಂದಿನಿ. ಇನ್ನ ಉಣ್ಣು.”

ಅರ್ಧ ರೊಟ್ಟಿ ಉಣ್ಣಲು ನನಗೆ ಹಿಡಿದ ಹೊತ್ತಿನಲ್ಲಿ ಹೊರಗೆ ಗಿರಣಿಯ ಮುಂದೆ ಚಕ್ಕಡಿಗಳ ಸಾಲು ನಿಂತಿತು. ರೈತರು ಕೂಗಿದರು. ಮಗಳ ಊಟ ಆಗಿಲ್ಲ, ನಿಲ್ಲಿರಿ ಎಂದು ಅಪ್ಪ ಒಳಗಿನಿಂದಲೇ ಹೇಳಿದ. ಇದು ದಿನದಿನದ ಮಾತಾಯಿತು. ಸಾವ್ಕಾರನ ಮಗಳ ತಾಟು ಖಾಲಿಯಾದ ಮೇಲೆಯೇ ಗಿರಣಿಯ ಪಟ್ಟಾ ತಿರುಗುತ್ತದೆ ಎಂಬುದು ಸುತ್ತಲ ಹಳ್ಳಿಗೆಲ್ಲ ಗೊತ್ತಾಗಿ, ರೈತರು ಅಂಗಳಕ್ಕೆ ಬರುತ್ತಲೇ ಎಲ್ಲಿಗೆ ಬಂತು ಊಟ ಎಂದು ಕೇಳುತ್ತಿದ್ದರು.

ಎಲ್ಲ ಹೀಗೆ ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ. ಒಂದೊಂದು ತುತ್ತೂ ಗಂಟಲಲ್ಲಿ ಕಲ್ಲು. ಉಂಡ ಮೇಲೆ ಮೈತುಂಬ ಕೊಳೆ ಹತ್ತಿದಂತೆ ಹೇಸಿಗೆ. ಸೀರೆಯ ನೆರಿಗೆಯಲ್ಲಿ ರೊಟ್ಟಿ ಬಚ್ಚಿಟ್ಟೆ, ಸಿಕ್ಕಿಬಿದ್ದೆ. ತೂಕದ ದಿನ ದವಾಖಾನೆಯ ನಳದಲ್ಲಿ ಹೊಟ್ಟೆ ಬಿರಿಯುವಂತೆ ನೀರು ಕುಡಿದು ನಿಂತೆ. ಡಾಕ್ಟರಬಾಯಿ ಮುಳ್ಳು ನೋಡಿದರು, ನನ್ನ ಮುಖ ನೋಡಿದರು, ಮೊದಲು ಸಂಡಾಸಕ್ಕೆ ಹೋಗಿ ಬಾ ಎಂದರು. ಬೈಯಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಬಿಟ್ಟುಬಿಡಿ ಎಂದು ಚೀರಿ ತಾಟನ್ನೇ ಒಗೆದೆ. ಸಾರು ಅಪ್ಪನ ಬಿಳಿ ಅಂಗಿಯ ಮೇಲೆ. ಈಗ ಹೊಡೆಯುತ್ತಾನೆ ಎಂದುಕೊಂಡೆ. ಅಪ್ಪ ನೆಲದ ಮೇಲಿನ ರೊಟ್ಟಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡು ತನ್ನ ತಾಟಿಗೆ ಹಾಕಿಕೊಂಡ, ನನ್ನ ತಾಟಿಗೆ ಹೊಸದನ್ನು ಇಟ್ಟ. ಅಳುತ್ತಿದ್ದ. ನಮ್ಮಪ್ಪ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು, ಮತ್ತೆ ನೋಡಲಿಲ್ಲ. ಆ ರೊಟ್ಟಿಯನ್ನು ಪೂರ್ತಿ ಉಂಡೆ. ಹಸಿವಿನಿಂದಲ್ಲ, ಅವನಿಗಾಗಿ.

ಮೆಲ್ಲಮೆಲ್ಲಗೆ ಆ ಪಂಕ್ತಿ ಬದಲಾಯಿತು. ಸುಮ್ಮನೆ ಕೂತು ಎಷ್ಟು ಹೊತ್ತು ಒಬ್ಬಳ ಬಾಯಿ ನೋಡುವುದು? ಅಪ್ಪ ಮಾತಾಡತೊಡಗಿದ. ಮನೆಯಲ್ಲಿ ಹೂಂ, ಹಾಂ ಬಿಟ್ಟು ಮಾತಾಡದ ನಮ್ಮಪ್ಪ ಎಂಥ ಕಿಲಾಡಿ ಎಂದು ಆಗ ಗೊತ್ತಾಯಿತು. ಭತ್ತ ತೂಗುವಾಗ ಜಗಳ ತೆಗೆಯುವ ಗಿರಾಕಿಗಳ ದನಿ ತೆಗೆದು ಥೇಟ್ ಅವರಂತೆಯೇ ಮಾತಾಡುತ್ತಿದ್ದ. ಆಯಿ ಅವನು ಸಣ್ಣವನಿದ್ದಾಗ ಬೆಲ್ಲ ಕದ್ದು ಕಣಜದೊಳಗೆ ನಿದ್ದೆಹೋದದ್ದನ್ನು ಹೇಳಿದಳು. ಅವ್ವ ಗೋಡೆಯಿಂದ ದಿನಕ್ಕಿಷ್ಟು ತಿರುಗುತ್ತ ತಿರುಗುತ್ತ ದೀಪಾವಳಿಯ ಹೊತ್ತಿಗೆ ನಮ್ಮ ಕಡೆಗೇ ಮುಖ ಮಾಡಿ ಕೂತಳು. ನನಗೆ ಗೊತ್ತಿಲ್ಲದಂತೆ ನನ್ನ ಕೈ ಮುಂದಿನ ತುತ್ತಿಗೆ ಹೋಗಿರುತ್ತಿತ್ತು. ರೋಗದಿಂದ ಒಳ್ಳೆಯದಾಯಿತು ಎಂದು ನಾನು ಎಂದೂ ಹೇಳುವುದಿಲ್ಲ. ರೋಗ ರೋಗವೇ, ನನ್ನನ್ನು ಕೊಲ್ಲಲು ಬಂದಿತ್ತು. ಆದರೆ ಆ ಮಳೆಗಾಲ, ಆ ಚಳಿಗಾಲ ನಮ್ಮ ಪಡಸಾಲೆಯಲ್ಲಿ ಎದ್ದ ನಗುವನ್ನು ನಾನು ಸುಳ್ಳು ಎನ್ನಲಾರೆ.

ನಳಿಗೆ ಹಾಕುವ ಪ್ರಸಂಗ ಬರಲಿಲ್ಲ. ತೂಕದ ಮುಳ್ಳು ಏರಿತು, ಒಮ್ಮೆ ಜಾರಿತು, ಮತ್ತೆ ಏರಿತು. ಮುಂದಿನ ಯುಗಾದಿ ಕಳೆದು ಒಂದು ಸಾದಾ ಮಂಗಳವಾರ ನನ್ನ ಮುಟ್ಟು ತಿರುಗಿ ಬಂತು. ಅವ್ವನ ಕಿವಿಯಲ್ಲಿ ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಓಡಿಹೋಗಿ ವೈನಿಯನ್ನು ತಬ್ಬಿಕೊಂಡಳು. ಮಧ್ಯಾಹ್ನ ಪಂಕ್ತಿಯಲ್ಲಿ ಹೋಳಿಗೆ! ಇದ್ಯಾವ ಹಬ್ಬ ಎಂದು ಅಪ್ಪ ಕೇಳಿದ. ಹಬ್ಬ ಇಲ್ಲ, ಸುಮ್ಮನೆ ಉಣ್ಣಿರಿ ಎಂದು ಅವ್ವ ತುಪ್ಪ ಹಾಕಿದಳು. ಅಪ್ಪ ಅವಳ ಮುಖ ನೋಡಿ, ನನ್ನ ಮುಖ ನೋಡಿ, ಅರ್ಥವಾಯಿತೋ ಇಲ್ಲವೋ, ಇನ್ನೊಂದು ಹೋಳಿಗೆ ಕೇಳಿದ. ನಾನು ಒಂದನ್ನು ಉಂಡೆ. ಅಂಜಿಕೆಯಾಯಿತು, ಆದರೂ ಉಂಡೆ.

ಕಾಲೇಜು ಮುಗಿಸಿದೆ, ಶಿಕ್ಷಕಿಯ ತರಬೇತಿ ಪಡೆದೆ, ಮದುವೆಯ ಮಾತು ಬಂತು. ಆಗ ನಮ್ಮ ಮನೆಯಲ್ಲಿ ದೊಡ್ಡ ಜಗಳ. ನನ್ನ ಕಾಯಿಲೆಯ ವಿಷಯ ಗಂಡಿನವರಿಗೆ ಹೇಳಬಾರದು, ಹೇಳಿದರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ ಎಂದು ಅವ್ವ. ಹೇಳದಿದ್ದರೆ ಉಳಿಯುವುದೇ ಇಲ್ಲ ಎಂದು ಅಪ್ಪ. ನಾನೂ ಅಂಜಿದ್ದೆ. ಹೊಸ ಮನೆಯಲ್ಲಿ ಎಲ್ಲರೂ ಉಂಡೆದ್ದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಗೋಡೆಗೆ ಮುಖ ಮಾಡಿ ಕೂತರೆ, ನನ್ನ ಕೈ ಬಾಯಿಗೆ ಹೋಗುತ್ತದೆಂಬ ಧೈರ್ಯ ನನಗೇ ಇರಲಿಲ್ಲ. ಹಳೆಯ ಆ ಗೆಲುವಿನ ರುಚಿ ಎಲ್ಲೂ ಹೋಗಿರಲಿಲ್ಲ, ಬಾಗಿಲಾಚೆ ಕಾಯುತ್ತಿತ್ತು. ಇದನ್ನು ಅಪ್ಪನಿಗೆ ಹೇಳಿದೆ. ಅವನು ತಲೆಯಾಡಿಸಿದ, ಅಷ್ಟೇ.

ಬೈಲಹೊಂಗಲದಿಂದ ಬಂದ ವ್ಯಾಪಾರಸ್ಥರು ಅಪ್ಪನ ಮಾತು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಹಾ ಕುಡಿದು ಎದ್ದುಹೋದರು. ಅವ್ವ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಆದರೂ ಊಟದ ಹೊತ್ತಿಗೆ ಪಂಕ್ತಿಯಲ್ಲಿ ಕೂತಳು, ಅದನ್ನು ಮಾತ್ರ ಬಿಡಲಿಲ್ಲ.

ಆಮೇಲೆ ಬಂದವರು ಬೆಳಗಾವಿಯ ಶಹಾಪುರದವರು. ಹುಡುಗ ಕಚೇರಿಯಲ್ಲಿ ಗುಮಾಸ್ತ, ತಂದೆ ನಿವೃತ್ತ ಶಿಕ್ಷಕರು. ಗಂಡಸರು ಪಡಸಾಲೆಯಲ್ಲಿ ಮಾತಿಗೆ ಕೂತರು. ಹುಡುಗನ ತಾಯಿ ಒಳಬಾಗಿಲ ಹತ್ತಿರ ಅವ್ವನ ಜೊತೆ, ಸೆರಗು ಹೊದ್ದು, ತುಟಿ ಬಿಚ್ಚದೆ. ಅಪ್ಪ ನನ್ನ ಕಾಯಿಲೆಯನ್ನು ಮೊದಲಿನಿಂದ ಕೊನೆಯವರೆಗೆ ಬಿಚ್ಚಿ ಹೇಳಿದ. ಕರ್ಪೂರದ್ದನ್ನೂ ಬಿಡಲಿಲ್ಲ.

“ನಂದು ಒಂದ ಮಾತ ಐತ್ರಿ,” ಎಂದ. “ನನ್ನ ಮಗಳು ನಿಮ್ಮ ಮನ್ಯಾಗ ಎಲ್ಲಾರ ಕೂಡ ಒಂದ ಪಂಕ್ತ್ಯಾಗ ಕುಂತು ಉಣಬೇಕು. ಅದು ಆಗೂದಿಲ್ಲಂದ್ರ ಈಗ ಹೇಳ್ರಿ, ನನಗ ಸಿಟ್ಟಿಲ್ಲ.”

ಹುಡುಗನ ತಂದೆ ಗಡ್ಡ ತುರಿಸಿಕೊಂಡರು. ಬೀಗರು ಕೊಡುಕೊಳ್ಳುವ ಮಾತಾಡುವುದು ನೋಡಿದ್ದೇನೆ, ಪಂಕ್ತಿಯ ಮಾತಾಡುವುದು ಇದೇ ಮೊದಲು ಎಂದು ನಗಲು ನೋಡಿದರು. ನಮ್ಮಲ್ಲಿ ಹೆಣ್ಣುಮಕ್ಕಳು ಆಮೇಲೆಯೇ ಉಣ್ಣುವುದು, ಹಿರಿಯರಿಂದ ನಡೆದುಬಂದದ್ದು ಎಂದರು. ಹುಡುಗ ಏನೋ ಹೇಳಹೋಗಿ ತಡವರಿಸಿದ. ಮುಗಿಯಿತು, ಇವರೂ ಎದ್ದರು ಎಂದುಕೊಂಡೆ.

ಒಳಬಾಗಿಲಿನಿಂದ ಹುಡುಗನ ತಾಯಿಯ ದನಿ ಬಂತು, ಬಹಳ ಸಣ್ಣಗೆ.

“ಬೀಗರ, ಹಂಗಾದ್ರ ಆ ಪಂಕ್ತ್ಯಾಗ ನಾನೂ ಕುಂದರಬಹುದೇನ್ರೀ?”

ಹುಡುಗನ ತಂದೆ ಹೆಂಡತಿಯ ಕಡೆ ತಿರುಗಿ, ಇಷ್ಟು ವರ್ಷದಲ್ಲಿ ಮೊದಲ ಸಲ ನೋಡುತ್ತಿರುವಂತೆ ನೋಡಿದರು. ಆಮೇಲೆ ಹೂಂ ಎಂದರು.

ಮದುವೆಯಾಗಿ ಶಹಾಪುರದ ಮನೆಯಲ್ಲಿ ಮೊದಲ ಮಧ್ಯಾಹ್ನ. ಅತ್ತೆ, ನಾನು ಕೂಡಿ ರೊಟ್ಟಿ ಬಡಿದು ಅರಿವೆಯಲ್ಲಿ ಸುತ್ತಿ ಬುಟ್ಟಿಗಿಟ್ಟೆವು. ಚಾಪೆ ಹಾಸಿದೆವು. ಅತ್ತೆ ಚಾಪೆಯ ತುದಿಗೆ, ಯಾರಾದರೂ ನೀರು ಕೇಳಿದರೆ ತಟ್ಟನೆ ಏಳಲು ಬರುವಂತೆ ಅರ್ಧ ನೆಲದ ಮೇಲೆ, ಅರ್ಧ ಚಾಪೆಯ ಮೇಲೆ ಕೂತರು. ಮಾವನವರೇ ಬುಟ್ಟಿ ಸರಿಸಿದರು. ಅತ್ತೆ ರೊಟ್ಟಿ ಮುರಿದಾಗ ಹಬೆ ಎದ್ದಿತು. ತುತ್ತು ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಅಗಿಯದೆ ಕೂತರು.

“ಬಿಸೀದು ಉಂಡು ಎಷ್ಟ ವರ್ಷ ಆತವಾ,” ಎಂದರು ನನಗೆ.

ಉಂಡು ಮುಗಿಸಿ ಇನ್ನೊಂದು ರೊಟ್ಟಿಗೆ ಕೈ ಚಾಚಿದರು. ನಾನೂ ಚಾಚಿದೆ.